ಟ್ರೆಂಟೋ ರಸ್ತೆಯಲ್ಲಿ ಬಾಗೇವಾಡಿ ಎಷ್ಟು ದೂರ

ಝಳಕಿ

ನನಗೂ ನನ್ನ ಹೆಂಡತಿಗೂ ನಡುವೆ ಎಂಬತ್ತು ಕಿಲೋಮೀಟರ್ ಇದೆ. ಜಗಳವಿಲ್ಲ, ಮನಸ್ತಾಪವಿಲ್ಲ, ಬರೀ ಕಿಲೋಮೀಟರ್. ನಾನು ಇಂಡಿ ತಾಲೂಕಿನಲ್ಲಿ, ಝಳಕಿ ಹತ್ತಿರದ ಒಂದು ಹಳ್ಳಿಯ ದನದ ಡಾಕ್ಟರು. ಸುನಂದಾ ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮದುವೆಯಾಗಿ ಆರು ವರ್ಷವಾಯಿತು. ಒಂದೇ ಮನೆಯಲ್ಲಿ ಸತತವಾಗಿ ಕಳೆದದ್ದು ಅವಳ ಬೇಸಿಗೆ ರಜೆಗಳನ್ನು ಮಾತ್ರ. ಉಳಿದಂತೆ ಶನಿವಾರ ಮಧ್ಯಾಹ್ನ ಇಬ್ಬರಲ್ಲಿ ಒಬ್ಬರು ಬಸ್ಸು ಹತ್ತುವುದು, ಸೋಮವಾರ ನಸುಕಿನಲ್ಲಿ ಕಣ್ಣುಜ್ಜಿಕೊಂಡು ಮತ್ತೆ ಬಸ್ಸು ಹತ್ತುವುದು. ಸಿಂದಗಿಯಲ್ಲಿ ನಮ್ಮ ಮನೆಯವರೋ ಮುದ್ದೇಬಿಹಾಳದಲ್ಲಿ ಅವಳ ತವರಿನವರೋ ಏನಾದರೂ ಕಾರ್ಯಕ್ಕೆ ಕರೆದರೆ ಆ ಭಾನುವಾರವೂ ಹೋಯಿತು.

ದಿನಾ ಓಡಾಡಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಬಸ್ಸಾದರೆ ವಿಜಯಪುರದಲ್ಲಿ ಇಳಿದು ಇನ್ನೊಂದು ಹತ್ತಬೇಕು, ಮೂರು ತಾಸು ಹೋಗುತ್ತದೆ. ನನ್ನ ಹಳೆಯ ಗಾಡಿ ಹೆದ್ದಾರಿಯಲ್ಲಿ ಲಾರಿಯ ಗಾಳಿಗೇ ಅಲ್ಲಾಡುತ್ತದೆ. ಮೇಲಾಗಿ ನನ್ನದು ಟೇಬಲ್ಲಿನ ಮುಂದಿನ ಕೆಲಸವಲ್ಲ. ಹೆದ್ದಾರಿ ಬಿಟ್ಟು ಹೊಲದ ದಾರಿಯಲ್ಲಿ ಎರಡು ಮೈಲು ಹೋದರೆ ಅಲ್ಲಿ ಒಂದು ಎಮ್ಮೆ ಈಯಲಾರದೆ ಒದ್ದಾಡುತ್ತಿರುತ್ತದೆ. ಹೆದ್ದಾರಿಗೂ ಬೇಕು, ಹೊಲಕ್ಕೂ ಬೇಕು, ಅಂಥ ಗಾಡಿ ಯಾವುದು ಎಂದು ಹುಡುಕುತ್ತ ಹೋದವನಿಗೆ ಸೂಪರ್‌ಮೋಟೋದ ಹುಚ್ಚು ಹಿಡಿಯಿತು.

ಅದನ್ನು ಕಂಡಿರದವರಿಗಾಗಿ ಹೇಳುತ್ತೇನೆ. ಮಣ್ಣಿನಲ್ಲಿ ಹಾರಿಸುವ ಗಾಡಿಗಳಿವೆಯಲ್ಲ, ಎತ್ತರ, ಸಪೂರ, ಬರೀ ಎಲುಬು. ಅಂಥದ್ದಕ್ಕೆ ಡಾಂಬರು ರಸ್ತೆಯ ಸಣ್ಣ ಗಾಲಿ, ನುಣುಪು ಟೈರು ಹಾಕಿದರೆ ಅದೇ ಸೂಪರ್‌ಮೋಟೋ. ವಿಜಯಪುರದ ಒಂದು ಶೋರೂಮಿನಲ್ಲಿ ಅಂಥದ್ದು ಬಂದು ನಿಂತಾಗ ನಾನು ಹೋಗಿ ಅದರ ಮೇಲೆ ಕೂತೆ. ಕಾಲು ನೆಲಕ್ಕೆ ಮುಟ್ಟಲಿಲ್ಲ. ಆದರೂ ನನಗೆ ಬಾಗೇವಾಡಿಯ ಮನೆಯ ಅಡುಗೆಮನೆ, ಸಂಜೆ ಏಳಕ್ಕೆ ತಾಟು ಇಡುತ್ತಿರುವ ಸುನಂದಾ, ಎಲ್ಲ ಕಂಡುಬಿಟ್ಟಿತು.

ಈ ವರ್ಷ ಎರಡು ಸಂಗತಿ ಒಟ್ಟಿಗೇ ನಡೆದವು. ಹಸುಗಳ ಗೊರಸಿನ ಆರೈಕೆ ಕಲಿಯಲು ಇಟಲಿಯ ಉತ್ತರದ ಗುಡ್ಡಗಾಡಿಗೆ ಎರಡು ವಾರ ಹೋಗುವವರಲ್ಲಿ ನನ್ನ ಹೆಸರು ಬಂತು. ಸುನಂದಾಳ ಹೆಸರು ಬಡ್ತಿಯ ಪಟ್ಟಿಯಲ್ಲಿ ಬಂತು. ಮುಖ್ಯೋಪಾಧ್ಯಾಯಿನಿಯ ಹುದ್ದೆ, ಆದರೆ ಖಾಲಿ ಇದ್ದ ಊರುಗಳೆಲ್ಲ ಹಾವೇರಿ ಕಡೆ, ಕಾರವಾರ ಕಡೆ. ಒಪ್ಪಿದರೆ ನಮ್ಮ ಎಂಬತ್ತು ಕಿಲೋಮೀಟರ್ ಮುನ್ನೂರು ಆಗುತ್ತದೆ. ಬೇಡವೆಂದು ಬರೆದುಕೊಟ್ಟರೆ ಬಾಗೇವಾಡಿಯಲ್ಲೇ ಇರಬಹುದು. ಊರು ಆರಿಸುವ ಕೌನ್ಸೆಲಿಂಗ್ ನನ್ನ ಎರಡನೆಯ ವಾರದ ಗುರುವಾರ.

ಇಟಲಿಯಲ್ಲಿ ನಾನು ಇಳಿದುಕೊಳ್ಳಬೇಕಾದ ರೈತರ ಮನೆಯ ಫೋಟೋ ಬಂದಿತ್ತು. ಕೊಟ್ಟಿಗೆಯ ಗೋಡೆಗೆ ಒಂದು ಸೂಪರ್‌ಮೋಟೋ ಒರಗಿ ನಿಂತಿತ್ತು. ನಾಚಿಕೆ ಬಿಟ್ಟು ಬರೆದು ಕೇಳಿದೆ. ಆ ಮನೆಯಾಕೆ ಮಾರ್ಟಾ, ಹುಲ್ಲು ಕೊಯ್ಯುವ ದಿನಗಳಲ್ಲಿ ತನಗೆ ಗಾಡಿ ಬೇಕಾಗುವುದಿಲ್ಲ, ನೀವೇ ಓಡಿಸಿ ಎಂದು ಉತ್ತರ ಕೊಟ್ಟರು. ಅದನ್ನು ಸುನಂದಾಳಿಗೆ ಓದಿ ಹೇಳಿದೆ.

"ನೀವು ದಿನಾ ಮನಿಗಿ ಬರ್ತೀರಂದ್ರ ನಾ ಬಡ್ತಿ ಬಿಡ್ತೇನಿ," ಅಂದಳು. "ಬರಾಕ ಆಗೂದಿಲ್ಲಂದ್ರ ಬಿಡೂದಿಲ್ಲ. ಆದ್ರ ಫೋಟೋ ನೋಡಿ ಹೇಳಬ್ಯಾಡ್ರಿ. ಒಂದು ವಾರ ಹೊಡದು ನೋಡ್ರಿ. ಮಳ್ಯಾಗ ಹೊಡೀರಿ, ಸಾಮಾನ ಹೇರಿ ಹೊಡೀರಿ, ಹಿಂದ ಒಬ್ಬರನ್ನ ಅಡ್ಡ ಕುಂಡ್ರಿಸಿಕೊಂಡು ಹೊಡೀರಿ. ಬುಧವಾರದೊಳಗ ನನಗ ಹೇಳ್ರಿ."

"ಅಡ್ಡ ಯಾಕ?"

"ನಾ ಸೀರಿ ಉಡ್ತೇನಿ. ಮರತ್ರೇನು?"

ವಿಜ್ಞಾನದ ಟೀಚರನ್ನು ಮದುವೆಯಾದರೆ ಪ್ರೀತಿಗೂ ಪ್ರಯೋಗ ಮಾಡಿ ತೋರಿಸಬೇಕಾಗುತ್ತದೆ.

ಮೆರಾನೋ ಮೇಲಿನ ಹಳ್ಳಿ

ಮೆರಾನೋ ಎಂಬ ಪಟ್ಟಣ ಕಣಿವೆಯ ತಳದಲ್ಲಿದೆ. ಸುತ್ತ ಸೇಬಿನ ತೋಟ, ಅದರ ಮೇಲೆ ಗುಡ್ಡ, ಗುಡ್ಡದ ಮೇಲೆ ಹಳ್ಳಿಗಳು. ದೇಶ ಇಟಲಿ, ಆದರೆ ಹಳ್ಳಿಯವರು ಆಡುವುದು ಜರ್ಮನ್. ಝಳಕಿ ಹತ್ತಿರದ ಗಡಿ ಊರು ಚಡಚಣದಲ್ಲಿ ಒಂದೇ ಅಂಗಡಿಯೊಳಗೆ ಕನ್ನಡ ಮರಾಠಿ ಎರಡನ್ನೂ ಕೇಳಿದವನಿಗೆ ಇದೇನು ಹೊಸತಲ್ಲ. ನನ್ನ ಜೊತೆ ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷಿನಷ್ಟೇ ಇದ್ದುದರಿಂದ ಚೆನ್ನಾಗಿ ಹೊಂದಿಕೆಯಾಯಿತು.

ಮಾರ್ಟಾಗೆ ಐವತ್ತೈದರ ಸುಮಾರು. ಕೆಳಗೆ ಹಾಲಿನ ಡೇರಿಯಲ್ಲಿ ಚೀಸ್ ಮಾಡುವ ಕೆಲಸ. ಅವರ ಗಂಡ ಜೋಸೆಫ್ ಹಸುಗಳನ್ನು ನೋಡಿಕೊಳ್ಳುತ್ತಾರೆ, ಒಂದು ಊಟಕ್ಕೆ ಐದು ಮಾತು ಆಡುತ್ತಾರೆ. ಮೊದಲ ಸಂಜೆ ನಾನು ಚೀಲ ಬಿಚ್ಚಿದರೆ ಅಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿಗಳೆಲ್ಲ ನುಚ್ಚುನೂರಾಗಿದ್ದವು. ನನ್ನ ಮುಖ ನೋಡಿ ಮಾರ್ಟಾ ಒಳಗಿನಿಂದ ಒಂದು ಬುಟ್ಟಿ ತಂದರು. ಅದರಲ್ಲಿ ತೆಳ್ಳಗೆ, ದುಂಡಗೆ, ಒಣಗಿ ಕಟಕಟ ಎನ್ನುವ ರೊಟ್ಟಿಗಳಿದ್ದವು. ರೈ ಎಂಬ ಧಾನ್ಯದ ಹಿಟ್ಟು, ಮೇಲೆ ಶಾಜೀರಿಗೆ. ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲವಂತೆ. ಮುಷ್ಟಿಯಿಂದ ಗುದ್ದಿ ಮುರಿದು ನನ್ನ ತಾಟಿಗೆ ಹಾಕಿದರು. ನಾನು ಅದಕ್ಕೆ ಶೇಂಗಾ ಚಟ್ನಿಯ ಪುಡಿ ಹಚ್ಚಿಕೊಂಡು ತಿಂದೆ. ಜೋಸೆಫ್ ತಾವೂ ಒಂದು ತುಣುಕಿಗೆ ಹಚ್ಚಿಕೊಂಡರು, ಕಣ್ಣಲ್ಲಿ ನೀರು ತಂದುಕೊಂಡರು, ಮತ್ತೊಂದು ತುಣುಕು ಮುರಿದರು.

ಸುನಂದಾ ಇಲ್ಲಿದ್ದಿದ್ದರೆ ಆ ರೊಟ್ಟಿಯ ಪುಡಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ ಹತ್ತು ಪ್ರಶ್ನೆ ಕೇಳುತ್ತಿದ್ದಳು. ಚಂದ ಏನು ಕಂಡರೂ ನನಗೆ ಹೀಗೇ ಆಗುತ್ತದೆ. ಅರ್ಧ ನೋಡುತ್ತೇನೆ, ಉಳಿದರ್ಧ ಅವಳಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತ ಕಳೆದುಬಿಡುತ್ತೇನೆ.

ಸೋಮವಾರ, ಮಂಗಳವಾರ

ತರಬೇತಿಯ ಕೇಂದ್ರ ಕೆಳಗೆ, ಹನ್ನೆರಡು ಕಿಲೋಮೀಟರ್. ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡಿದಾದ ತಿರುವುಗಳು. ಸೋಮವಾರ ಬೆಳಿಗ್ಗೆ ಗಾಡಿ ಹತ್ತಿದೆ. ಮೊದಲ ಮೂರು ತಿರುವಿನಲ್ಲಿ ಜೀವ ಬಾಯಿಗೆ ಬಂತು. ನಾಲ್ಕನೆಯದರಲ್ಲಿ ನಾನು ನಕ್ಕೆ, ಹೆಲ್ಮೆಟ್ಟಿನೊಳಗೆ, ಒಬ್ಬನೇ. ಗಾಡಿ ಅಷ್ಟು ಹಗುರ. ತಿರುಗಿಸಬೇಕು ಅಂದುಕೊಂಡರೆ ತಿರುಗಿರುತ್ತದೆ. ಕಲ್ಲು ಹಾಸಿದ ಓಣಿಯಲ್ಲಿ ಹೋದರೂ ಸೊಂಟಕ್ಕೆ ಗೊತ್ತಾಗುವುದಿಲ್ಲ. ಇದರ ಮೇಲೆ ಕೂತರೆ ನಮ್ಮ ಊರುಗಳ ರೋಡ್ ಹಂಪುಗಳಿಗೆಲ್ಲ ಒಂದು ಪಾಠ ಕಲಿಸಬಹುದು ಅನಿಸಿತು.

ಸಂಜೆ ಮರಳಿದಾಗ ಮಾರ್ಟಾ ಬಾಗಿಲಲ್ಲೇ ಕಾಯುತ್ತಿದ್ದರು. "ಏನಾದರೂ ತೊಂದರೆಯಾಯಿತೇ?" ಎಂದು ಕೇಳಿದರು. ಇಲ್ಲವಲ್ಲ ಅಂದೆ. ದಾರಿಯ ಮೂರು ಮನೆಯವರು ಫೋನ್ ಮಾಡಿದ್ದರಂತೆ. ನಿಮ್ಮ ಅತಿಥಿ ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯುತ್ತ ಬರುತ್ತಿದ್ದಾನೆ, ಬ್ರೇಕ್ ಕೆಟ್ಟಿದೆಯೋ ಏನೋ ಎಂದು. ಒಬ್ಬ ಮುದುಕರು ಅಂಬುಲೆನ್ಸ್ ಬಂತೆಂದು ಚಪ್ಪಲಿ ಹಾಕಿಕೊಂಡು ಹೊರಗೂ ಬಂದಿದ್ದರು. ನನ್ನ ಹೆಬ್ಬೆರಳಿಗೆ ಆ ಅಭ್ಯಾಸ ಇದೆಯೆಂದು ನನಗೇ ಗೊತ್ತಿರಲಿಲ್ಲ. ನಮ್ಮ ಕಡೆ ಹಾರ್ನ್ ಹೊಡೆಯದೆ ತಿರುಗಿದವನು ತಲೆಕೆಟ್ಟವನು. ಮಾರನೆಯ ದಿನ ಹೆಬ್ಬೆರಳನ್ನು ಬಿಗಿಹಿಡಿದುಕೊಂಡು ಇಳಿದೆ. ಆ ಮುದುಕರ ಮನೆ ಮುಂದೆ ನಿಲ್ಲಿಸಿ ಕ್ಷಮೆ ಕೇಳಲು ಕಾಲು ಕೆಳಗಿಟ್ಟರೆ ಅಲ್ಲಿ ನೆಲವೇ ಇಳಿಜಾರು. ಎತ್ತರದ ಸೀಟಿನಿಂದ ನಿಧಾನವಾಗಿ, ಮರ್ಯಾದೆಯಿಂದ, ಗಾಡಿಸಮೇತ ಅವರ ಹೂವಿನ ಕುಂಡದ ಮೇಲೆ ಒರಗಿದೆ. ಅವರು ನನ್ನನ್ನು ಎತ್ತಿ, ಕಾಫಿ ಕೊಟ್ಟು, ಕುಂಡದ ವಿಷಯ ಎತ್ತದೆ ಕಳಿಸಿದರು.

ಮಂಗಳವಾರ ಸಂಜೆ ಮಳೆಯೂ ಬಂತು. ಮಡ್‌ಗಾರ್ಡ್ ಎಂಬುದು ಆ ಗಾಡಿಗೆ ಬರೀ ಶೋಕಿಗೆ ಇದೆ. ಕೆಸರು ಮುಂದಿನಿಂದ ಮುಖಕ್ಕೆ, ಹಿಂದಿನಿಂದ ಬೆನ್ನಿಗೆ ಬಡಿಯಿತು. ಹುಲ್ಲುಗಾವಲಿನ ಮಣ್ಣುದಾರಿಗೆ ಇಳಿಸಿದೊಡನೆ ನುಣುಪು ಟೈರು ಸರ್ರನೆ ಜಾರಿತು. ಅದು ಕೆಂಪು ಮಣ್ಣು. ನಮ್ಮ ಅಂಟುವ ಕಪ್ಪು ಎರೆಮಣ್ಣಿನಲ್ಲಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಆದರೆ ಮರುದಿನ ಬೆಳಿಗ್ಗೆ ಶಾಲೆಯಿಂದ ಫೋನಿನಲ್ಲಿ ಸುನಂದಾ "ಮಳ್ಯಾಗ ಹೆಂಗ ಐತ್ರಿ?" ಎಂದು ಕೇಳಿದಾಗ, "ಸ್ವಲ್ಪ ಸಿಡೀತೈತಿ, ಅಷ್ಟಽ," ಅಂದೆ. ಅವಳ ಹಿಂದೆ ಮಕ್ಕಳು ಪ್ರಾರ್ಥನೆಯ ತಾಲೀಮು ಮಾಡುತ್ತಿದ್ದುದು ಕೇಳಿಸುತ್ತಿತ್ತು.

ಶುಕ್ರವಾರ, ಹುಲ್ಲಿನ ಅಂಗಳ

ಸಾಮಾನಿನ ಪರೀಕ್ಷೆ ಗುರುವಾರವೇ ಮುಗಿದಿತ್ತು. ಜೋಸೆಫ್ ಹಸುಗಳು ನೆಕ್ಕುವ ಉಪ್ಪಿನ ಒಂದು ಚೀಲ ತರಲು ಹೇಳಿದ್ದರು. ಅದನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು ಗುಡ್ಡ ಹತ್ತಿದರೆ ಮುಂದಿನ ಗಾಲಿ ಎದ್ದೇಳುತ್ತೇನೆ ಎನ್ನುತ್ತಿತ್ತು. ನಾನು ಹ್ಯಾಂಡಲ್ ಮೇಲೆ ಬೋರಲು ಬಿದ್ದುಕೊಂಡು ಬಂದೆ. ಉಳಿದದ್ದು ಅಡ್ಡ ಕೂರುವ ಪರೀಕ್ಷೆ.

"ಅಡ್ಡ ಎಂದರೆ?" ಮಾರ್ಟಾಗೆ ಅರ್ಥವಾಗಲಿಲ್ಲ. ಎರಡೂ ಕಾಲು ಒಂದೇ ಕಡೆ ಹಾಕಿ ಕೂರುವುದು ಎಂದು ಕುರ್ಚಿಯ ಮೇಲೆ ಕೂತು ತೋರಿಸಿದೆ. ಒಂದು ಕೈಯಲ್ಲಿ ಚೀಲ ಇರುತ್ತದೆ, ಮಗು ಇದ್ದರೆ ಮಗುವೂ ಇರುತ್ತದೆ, ಇನ್ನೊಂದು ಕೈ ಗಂಡನ ಹೆಗಲ ಮೇಲೆ.

"ಬೀಳುವುದಿಲ್ಲವೇ?"

"ನಮ್ಮಲ್ಲಿ ಯಾರೂ ಬೀಳುವುದಿಲ್ಲ," ಅಂದೆ.

ರಸ್ತೆಯಲ್ಲಿ ಹಾಗೆ ಕೂರುವುದು ಅಲ್ಲಿ ಕಾನೂನಿಗೆ ವಿರುದ್ಧ. ಅಂಗಳದಲ್ಲಿ ಮಾಡೋಣ ಎಂದರು ಮಾರ್ಟಾ. ಪ್ರಯೋಗ ಸರಿಯಾಗಿರಲಿ ಎಂದು ಊಟದ ಮೇಜಿನ ಉದ್ದನೆಯ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡರು. ಕೈಯಲ್ಲಿ ಆಲೂಗಡ್ಡೆಯ ಬುಟ್ಟಿ. ಜೋಸೆಫ್ ಹುಲ್ಲು ಕೊಯ್ಯುವುದನ್ನು ನಿಲ್ಲಿಸಿ ನೋಡಲು ಬಂದರು. ಹಿಂದಿನ ಸೀಟು ಒಂದು ಗೇಣು ಅಗಲ, ಅದೂ ಮುಂದಕ್ಕೆ ಇಳಿಜಾರು. ಕಾಲಿಡಲು ಪಟ್ಟಿ ಇಲ್ಲ, ಹಿಡಿದುಕೊಳ್ಳಲು ಕಂಬಿ ಇಲ್ಲ, ಸೀರೆ ಗಾಲಿಗೆ ಸಿಗದಂತೆ ತಡೆಯುವ ಜಾಲರಿಯಂತೂ ಇಲ್ಲವೇ ಇಲ್ಲ. ನಾನು ಕ್ಲಚ್ಚು ಬಿಟ್ಟೆ. ಗಾಡಿ ಒಮ್ಮೆ ಜಿಗಿಯಿತು. ಹೆಗಲ ಮೇಲಿನ ಕೈ ಮಾಯವಾಯಿತು. ತಿರುಗಿ ನೋಡಿದರೆ ಮಾರ್ಟಾ ಹುಲ್ಲಿನ ರಾಶಿಯ ಮೇಲೆ ಕೂತಿದ್ದರು. ಬುಟ್ಟಿ ಕೈಯಲ್ಲೇ ಇತ್ತು.

"ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ," ಅಂದರು. "ಅವರು ಇದರ ಮೇಲೆ ಕೂರುವುದು ಬೇಡ."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆದರೆ ಗಾಡಿಯನ್ನು ಕೊಟ್ಟಿಗೆಗೆ ತಳ್ಳುವಾಗ ಎಡ ಹೆಗಲು ಬರಿದೆನಿಸಿತು. ಮದುವೆಯಾದ ಹೊಸತರಲ್ಲಿ ಮುದ್ದೇಬಿಹಾಳದಿಂದ ಬಾಗೇವಾಡಿಗೆ ಹೋಗುವಾಗ ಸುನಂದಾ ದಾರಿಯುದ್ದಕ್ಕೂ ಆ ಹೆಗಲ ಮೇಲೆ ಕೈ ಇಟ್ಟಿದ್ದಳು. ಮಾತಾಡಬೇಕಾದಾಗ ಎರಡು ಬೆರಳಿನಿಂದ ತಟ್ಟುತ್ತಿದ್ದಳು. ನನಗೆ ಅವಳನ್ನು ನೋಡಬೇಕೆನಿಸಿತು. ಬೇರೇನೂ ಬೇಡವೆನಿಸಿತು.

ಶನಿವಾರ, ಟ್ರೆಂಟೋ ರಸ್ತೆ

ಮಳೆ, ಸಾಮಾನು, ಸೀರೆ ಮೂರರಲ್ಲೂ ಫೇಲಾದರೂ ನನ್ನ ಹಠ ಹೋಗಿರಲಿಲ್ಲ. ಸಾಮಾನು ಬಸ್ಸಿನಲ್ಲಿ ತಂದರಾಯಿತು. ಹಿಂದೆ ಕೂರುವುದಕ್ಕೆ ಹಳೆಯ ಗಾಡಿ ಇದ್ದೇ ಇದೆ. ನಾನೊಬ್ಬ ಹೋಗಿಬಂದರೆ ಸಾಕಲ್ಲ. ಮೆರಾನೋದಿಂದ ಟ್ರೆಂಟೋ ಪಟ್ಟಣಕ್ಕೆ ನದಿಯ ಗುಂಟ ಹಳೆಯ ರಸ್ತೆಯಿದೆ. ಎಂಬತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ, ಬಹುಪಾಲು ನೆಟ್ಟಗೆ. ನಮ್ಮ ಝಳಕಿಯಿಂದ ಬಾಗೇವಾಡಿಗೆ ಇರುವಷ್ಟೇ. ಯಾರಿಗೂ ಹೇಳದೆ ಹೊರಟೆ.

ಮೊದಲ ಅರ್ಧ ತಾಸು ಚೆನ್ನಾಗಿತ್ತು. ಆಮೇಲೆ ಆ ಒಂಟಿ ಸಿಲಿಂಡರಿನ ನಡುಕ ಅಂಗೈಗೆ ಹತ್ತಿತು, ಅಲ್ಲಿಂದ ಮೊಣಕೈಗೆ, ಹಲ್ಲಿಗೆ. ಎದುರು ಗಾಳಿಗೆ ಗಾಜಿಲ್ಲ, ಎದೆಯೇ ಅಡ್ಡ. ಸೀಟು ಎಷ್ಟು ಕಿರಿದೆಂದರೆ ಹಲಗೆಯ ಅಂಚಿನ ಮೇಲೆ ಕೂತ ಹಾಗೆ. ಎರಡೂ ಕಡೆ ಸೇಬಿನ ತೋಟಗಳು ಮುಗಿಯುತ್ತಲೇ ಇರಲಿಲ್ಲ. ನಾನು ಮನಸ್ಸಿನಲ್ಲಿ ನಮ್ಮ ಬಾಗೇವಾಡಿ ದಾರಿಯ ಊರುಗಳನ್ನು ಹೇಳಿಕೊಳ್ಳತೊಡಗಿದೆ. ಇದು ಹೊರ್ತಿ. ಇಲ್ಲಿಗೆ ವಿಜಯಪುರ ಬಂತು. ಅಲ್ಲಿ ಇಳಿದು ಹತ್ತು ನಿಮಿಷ ಅಂಗಾತ ಮಲಗಿದೆ. ಪೆಟ್ರೋಲು ಅಷ್ಟರಲ್ಲೇ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಇದು ಮನಗೂಳಿ. ಇನ್ನು ಸ್ವಲ್ಪವೇ, ಇನ್ನು ಸ್ವಲ್ಪವೇ.

ಟ್ರೆಂಟೋದ ಮೊದಲ ಮನೆಗಳು ಬಂದಾಗ ಗಾಡಿ ನಿಲ್ಲಿಸಿ ಇಳಿದೆ. ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತೆ. ಎದುರಿನ ಮನೆಯ ಹೆಂಗಸೊಬ್ಬಳು ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬಾಗೇವಾಡಿ ಬಂದಿತ್ತು, ಆದರೆ ನನಗೆ ಬಾಗಿಲು ತೆರೆಯುವವರು ಯಾರೂ ಅಲ್ಲಿರಲಿಲ್ಲ. ಇಷ್ಟು ಹೊತ್ತು ಕೈಕಾಲು ನಡುಗಿಸಿಕೊಂಡು ಬಂದದ್ದು ಯಾರಿಗಾಗಿ ಎಂದು ನೆನಪಾಯಿತು. ಜೊತೆಗೆ, ಇದನ್ನು ದಿನಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಲು ನನ್ನಿಂದ ಆಗುವುದಿಲ್ಲ ಎಂಬುದೂ ಗೊತ್ತಾಯಿತು. ಎರಡು ತಿಂಗಳಲ್ಲಿ ಸುನಂದಾಳ ಮನೆಗೆ ಬರುವುದು ಗಂಡನಲ್ಲ, ಒಬ್ಬ ರೋಗಿ.

ಮರಳಿ ಬರುವಾಗ ಆರು ಕಡೆ ನಿಂತೆ. ಹಳ್ಳಿಯ ತಿರುವುಗಳು ಶುರುವಾದ ಮೇಲೆ ಗಾಡಿ ಮತ್ತೆ ಮೊದಲಿನಂತೆ ಆಡಿತು. ಅದರ ತಪ್ಪೇನೂ ಇರಲಿಲ್ಲ.

ಭಾನುವಾರ

ನಾನು ದಿಂಬಿನ ಮೇಲೆ ಕೂತು ಊಟ ಮಾಡುವುದನ್ನು ನೋಡಿ ಮಾರ್ಟಾ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಹೇಳಿದೆ. ಬಡ್ತಿಯ ಸಂಗತಿ, ಗುರುವಾರದ ಸಂಗತಿ, ಎಲ್ಲ ಹೇಳಿದೆ.

"ಟ್ರೆಂಟೋವರೆಗೆ? ಅದರ ಮೇಲೆ?" ಅವರು ತಲೆ ಆಡಿಸಿದರು. "ನಾನು ಹದಿನಾಲ್ಕು ವರ್ಷದಿಂದ ಸೂಪರ್‌ಮೋಟೋ ಓಡಿಸುತ್ತಿದ್ದೇನೆ. ದಿನದ ಓಡಾಟಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನನ್ನ ಡೇರಿ ಹನ್ನೆರಡು ಕಿಲೋಮೀಟರ್. ಇದು ಮನೆ ಹತ್ತಿರ ಇರುವವರ ಗಾಡಿ."

"ನಿಮಗೆ ಮನೆ ಹತ್ತಿರ ಸಿಕ್ಕಿತು," ಅಂದೆ. ಸ್ವಲ್ಪ ಕಹಿಯಾಗಿಯೇ ಅಂದಿರಬೇಕು.

ಆಗ ಜೋಸೆಫ್ ಬಾಯಿಬಿಟ್ಟರು. ಅವರದು ಮೂಲತಃ ಕೆಳಗಿನ ಕಣಿವೆ, ಸೇಬಿನ ತೋಟದವರು. ಈ ಮನೆ ಮಾರ್ಟಾಳ ಅಪ್ಪನದು. ಮದುವೆಯಾದಾಗ ತೋಟವನ್ನು ತಮ್ಮನಿಗೆ ಬಿಟ್ಟು ಮೇಲೆ ಬಂದರು.

"ಅವಳ ಹಸುಗಳು ಮೇಲಿದ್ದವು, ನಾನು ಕೆಳಗಿದ್ದೆ," ಅಂದರು. "ಹಸುಗಳನ್ನು ಇಳಿಸುವುದಕ್ಕಿಂತ ನಾನು ಹತ್ತುವುದು ಸುಲಭವಿತ್ತು."

ಇಷ್ಟು ಹೇಳಿ ಮತ್ತೆ ಸೂಪಿನ ಚಮಚ ಹಿಡಿದರು. ನಮ್ಮ ಸಿಂದಗಿ ಕಡೆ ಇಂಥವರಿಗೆ ಮನೆಅಳಿಯ ಎಂಬ ಹೆಸರಿದೆ, ಆ ಹೆಸರಿನ ಹಿಂದೆ ಒಂದು ನಗೆಯೂ ಇದೆ. ಆ ನಗೆ ನನ್ನ ತುಟಿಯವರೆಗೂ ಬಂತು. ನಾನು ಅದನ್ನು ನುಂಗಿಕೊಂಡೆ, ಯಾಕೆಂದರೆ ಇನ್ನೊಂದು ಸಂಗತಿ ನೆನಪಿಗೆ ಬಂದಿತ್ತು. ಗಂಡ ಹೆಂಡತಿ ಒಂದೇ ಕಡೆ ಇರಲಿ ಎಂದು ಸರ್ಕಾರ ವರ್ಗಾವಣೆಗೆ ಅವಕಾಶ ಕೊಡುತ್ತದೆ. ಇಬ್ಬರಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಆರು ವರ್ಷವೂ ಅರ್ಜಿ ತುಂಬಿದವಳು ಸುನಂದಾ. ಬೇಕಾದ ಊರು ಇಂಡಿ, ಇಲ್ಲವೇ ಝಳಕಿ, ಒಮ್ಮೆಯೂ ಸಿಗಲಿಲ್ಲ. ನಾನು ಪಕ್ಕದಲ್ಲಿ ಕೂತು ಝೆರಾಕ್ಸ್ ಪ್ರತಿಗಳನ್ನು ಜೋಡಿಸಿ ಕೊಡುತ್ತಿದ್ದೆ. ಜಗತ್ತಿನ ಗಾಡಿಗಳನ್ನೆಲ್ಲ ಹುಡುಕಿದವನಿಗೆ ಅದೇ ಅರ್ಜಿಯನ್ನು ನಾನೂ ತುಂಬಬಹುದು ಎಂದು ಹೊಳೆದೇ ಇರಲಿಲ್ಲ. ಹೆಂಡತಿ ಗಂಡನ ಊರಿಗೆ ಬರುವುದು, ಅಷ್ಟೇ. ನನಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಬುಧವಾರ, ಗುರುವಾರ

ಬುಧವಾರ ನಾನು ಫೋನ್ ಮಾಡಲಿಲ್ಲ. ಹಸುವಿನ ಗೊರಸು ಹಿಡಿದುಕೊಂಡು ಮೂರು ಸಲ ಗಡಿಯಾರ ನೋಡಿದೆ. ಗಾಡಿ ಆಗುವುದಿಲ್ಲ ಎಂದು ಹೇಳಿದರೆ ಅವಳು ಹೋಗಿಬಿಡುತ್ತಾಳೆ. ನಾನೇ ಬಾಗೇವಾಡಿಗೆ ಬರುತ್ತೇನೆ ಎನ್ನಬಹುದಿತ್ತು. ಆದರೆ ಸಿಂದಗಿಯಲ್ಲಿ ಅಣ್ಣಂದಿರು ಏನನ್ನುತ್ತಾರೆ, ಝಳಕಿಯ ರೈತರು ಏನನ್ನುತ್ತಾರೆ, ಡಾಕ್ಟ್ರು ಹೆಂಡತಿ ಹಿಂದೆ ಹೋದರಂತೆ ಎಂದು ಚಹಾದಂಗಡಿಯಲ್ಲಿ ಎಷ್ಟು ದಿನ ಮಾತಾಡುತ್ತಾರೆ ಎಂದೆಲ್ಲ ಲೆಕ್ಕ ಹಾಕುತ್ತ ಆ ದಿನ ಕಳೆದುಬಿಟ್ಟೆ.

ಗುರುವಾರ ಹನ್ನೊಂದಕ್ಕೆ ತಡೆಯಲಾಗಲಿಲ್ಲ. ತರಬೇತಿ ಬಿಟ್ಟು ಹೊರಗೆ ಬಂದು ಫೋನ್ ಮಾಡಿದೆ. ಅಲ್ಲಿ ಎರಡೂವರೆ.

"ಸುನಂದಾ, ಗಾಡಿ ಆಗೂದಿಲ್ಲ," ಅಂದೆ.

"ಗೊತ್ತೈತ್ರಿ."

"ಹೆಂಗ ಗೊತ್ತಾತು?"

"ಚಲೋ ಇದ್ದಿದ್ರ ನೀವು ಹತ್ತು ಸಲ ಫೋನ್ ಮಾಡ್ತಿದ್ರಿ. ನಿನ್ನೆ ದಿನಾ ಪೂರ್ತಿ ಕಾದ್ನಿ. ಬರಲಿಲ್ಲ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮುಂಜಾನೆ ಕೌನ್ಸೆಲಿಂಗ್ ಆತು. ಹಾವೇರಿ ಕಡಿ ಹಾನಗಲ್ಲ ತಗೊಂಡ್ನಿ. ಸಹಿ ಆತು."

ಎದುರಿನ ಹುಲ್ಲುಗಾವಲಿನಲ್ಲಿ ಹಸುಗಳು ಕತ್ತಿನ ಗಂಟೆ ಅಲ್ಲಾಡಿಸುತ್ತ ಮೇಯುತ್ತಿದ್ದವು. ನಾನು ಗೋಡೆಗೆ ಒರಗಿದೆ.

"ಈ ಸಲ ಅರ್ಜಿ ನಾ ಹಾಕಬೇಕಂತ ಮಾಡಿದ್ದೆ," ಅಂದೆ. "ನಾನಽ ಬಾಗೇವಾಡಿಗಿ ಬರಬೇಕಂತ."

ಫೋನ್ ಕಟ್ಟಾಯಿತೇನೋ ಎಂದು ಎರಡು ಸಲ ಹೆಸರು ಹಿಡಿದು ಕರೆದೆ.

"ಯಾವಾಗ ಮಾಡಿದ್ರಿ?"

"ಭಾನುವಾರ."

"ಭಾನುವಾರ ಮಾಡಿ ಗುರುವಾರ ಹೇಳಾಕತ್ತೀರಿ."

ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ನಾ ಇಲ್ಲದ ಬಾಗೇವಾಡಿಗಿ ಬಂದು ಏನ್ ಮಾಡ್ತೀರಿ ಈಗ," ಅಂದಳು. ಆಮೇಲೆ ಮೆಲ್ಲಗೆ, "ಹಾನಗಲ್ಲದಾಗ ದನಾ ಇಲ್ಲೇನ್ರಿ?" ಅಂದಳು.

ಆರು ವರ್ಷದಲ್ಲಿ ಇಂಥ ಪ್ರಶ್ನೆಯನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಹಾಗೆ ನಾನು ಇಟ್ಟಿರಲಿಲ್ಲ.

"ಅದಾವ," ಅಂದೆ. "ಭಾಳ ಅದಾವ."